ಒಂದು ಗೇಣು ಬೀಟೆ

ನನ್ನ ಸೋದರಮಾವ ಮಂಗಳೂರಿನ ಅರ್ಧದಷ್ಟು ಕುರ್ಚಿ ಮೇಜುಗಳನ್ನು ನೆಕ್ಕಿ ನೋಡಿದವರು.

ತಡೆಯಿರಿ, ಲೆಕ್ಕ ಸರಿಯಾಗಿ ಹೇಳಬೇಕು. ನಾನು ಬೋಳಾರದ ಹೊಳೆಬದಿಯ ಒಂದು ಹಂಚಿನ ಕಾರ್ಖಾನೆಯಲ್ಲಿ ಹಂಚು ಬಡಿದು ನೋಡುವ ಕೆಲಸ ಮಾಡಿದವನು. ಬೆಂದು ಬಂದ ಹಂಚನ್ನು ಎಡಗೈಯಲ್ಲಿ ಎತ್ತಬೇಕು, ಬಲಗೈಯ ಬೆರಳಗಂಟಿನಿಂದ ಒಮ್ಮೆ ಬಡಿಯಬೇಕು. ಟಣ್ ಎಂದರೆ ಗಟ್ಟಿ, ಈಚೆ. ಟಪ್ ಎಂದರೆ ಬಿರುಕು, ಆಚೆ. ಟಪ್ ಎಂದದ್ದಕ್ಕೆ ಸೀಮೆಸುಣ್ಣದಲ್ಲಿ ಒಂದು ಗೆರೆ. ವರ್ಷಗಟ್ಟಲೆ ಇದನ್ನೇ ಮಾಡಿದವನಿಗೆ ಟಣ್ ಮತ್ತು ಟಪ್ ನಡುವಿನ ಮಾತು ಬರುವುದಿಲ್ಲ. ಆದ್ದರಿಂದ ಅರ್ಧ ಮಂಗಳೂರು ಎಂದದ್ದನ್ನು ಹಿಂದೆ ತೆಗೆದುಕೊಳ್ಳುತ್ತೇನೆ. ನಾನು ಕಣ್ಣಾರೆ ಕಂಡದ್ದು ಏಳು ಕುರ್ಚಿ, ಎರಡು ಮಂಚ, ಒಬ್ಬ ವಕೀಲರ ಮೇಜು, ಮತ್ತು ಮುನ್ಸೀಫರೊಬ್ಬರ ಊರುಗೋಲಿನ ಹಿಡಿ. ಕೊನೆಯದ್ದನ್ನು ನೆಕ್ಕುವಾಗ ಊರುಗೋಲು ಮುನ್ಸೀಫರ ಕೈಯಲ್ಲೇ ಇತ್ತು.

ಅದೊಂದು ಮದುವೆಯ ಚಪ್ಪರ. ಮುನ್ಸೀಫರು ಊಟ ಮುಗಿಸಿ ಎಲೆಯಡಿಕೆ ಹಾಕುತ್ತ ನಿಂತಿದ್ದರು. ಮಾವ ನಮಸ್ಕಾರ ಮಾಡಲೆಂದು ಬಗ್ಗಿದರು. ಬಗ್ಗಿದವರು ಏಳಲಿಲ್ಲ.

"ಎಂತ ಶೆಟ್ರೇ, ಸೊಂಟ ಹಿಡಿಯಿತಾ?" ಎಂದು ಮುನ್ಸೀಫರು ಕೇಳಿದರು.

ಮಾವ ಎದ್ದು ನಿಂತು, ತುಟಿ ಒರೆಸಿಕೊಂಡು, ಬಹಳ ದುಃಖದಿಂದ ಹೇಳಿದರು: "ಇದನ್ನು ಕರಿಮರ ಅಂತ ಹೇಳಿ ನಿಮಗೆ ಯಾರೋ ಮೋಸ ಮಾಡಿದ್ದಾರೆ ಸ್ವಾಮೀ. ಇದು ಮಸಿ ಬಳಿದ ಪೇರಳೆ."

ಮಾವ ಆಗಲೇ ಕೋರ್ಟಿನ ಕೆಲಸದಿಂದ ನಿವೃತ್ತರಾಗಿದ್ದರು. ಆಗಿರದಿದ್ದರೆ ಅಂದು ಸಂಜೆಯೊಳಗೆ ಆಗುತ್ತಿದ್ದರು.

ಕೋರ್ಟಿನಲ್ಲಿ ಅವರದ್ದು ನಕಲು ಬರೆಯುವ ಕೆಲಸ. ಮೂವತ್ತು ವರ್ಷ ಬೇರೆಯವರ ವ್ಯಾಜ್ಯಗಳನ್ನು ದುಂಡಗಿನ ಅಕ್ಷರದಲ್ಲಿ ಬರೆದರು. ನಿವೃತ್ತರಾದ ಮರುತಿಂಗಳೇ ಕೈ ಸುಮ್ಮನಿರಲಾರದೆ ಒಂದು ಕಡಸಲು ಮಾಡಿಸಿ ಜಗಲಿಯಲ್ಲಿ ಹೂಡಿದರು. ಕಡಸಲು ಎಂದರೆ ಮರ ಕಡೆಯುವ ಯಂತ್ರ. ಯಂತ್ರ ಎನ್ನುವುದು ಗೌರವದ ಮಾತು. ಎರಡು ಗೂಟ, ಗೂಟಕ್ಕೆ ಎರಡು ಕಬ್ಬಿಣದ ಮೊನೆ, ಮೊನೆಗಳ ನಡುವೆ ಒಂದು ಮರದ ತುಂಡು, ಆ ತುಂಡಿಗೆ ಎರಡು ಸುತ್ತು ಹಗ್ಗ. ಹಗ್ಗದ ಎರಡು ತುದಿಗಳನ್ನು ಒಬ್ಬ ಎದುರು ಕುಳಿತು ಎಳೆದು ಬಿಡುತ್ತ ಇರಬೇಕು. ಮರ ಅತ್ತ ತಿರುಗುವಾಗ ಉಳಿ ತಾಗಿಸಬೇಕು, ಇತ್ತ ತಿರುಗುವಾಗ ಉಳಿ ಬಿಡಬೇಕು. ಉಳಿ ಹಿಡಿದವರಿಗೆ ಕಲಾವಿದರೆಂದು ಹೆಸರು. ಹಗ್ಗ ಎಳೆದವನಿಗೆ ಭುಜನೋವು.

ಹಗ್ಗ ಎಳೆದವನು ಯಾರೆಂದು ಬೇರೆ ಹೇಳಬೇಕೇ? ಆಗ ನನಗೆ ಮೂವತ್ತು ತುಂಬಿತ್ತು. ಕಾರ್ಖಾನೆಯಲ್ಲಿ ದಿನವಿಡೀ ಬಲಗೈ, ಮನೆಯಲ್ಲಿ ಸಂಜೆ ಎರಡೂ ಕೈ. ಮಾವ ಕಡೆದ ಲಟ್ಟಣಿಗೆ, ಕುಂಕುಮದ ಭರಣಿ, ಬುಗುರಿಗಳು ಬೋಳಾರದ ಎಲ್ಲ ಮನೆಗಳಲ್ಲೂ ಇದ್ದವು. "ಶೆಟ್ಟರ ಕೈ ಅಂದರೆ ಕೈ" ಎಂದು ಜನ ಹೊಗಳುತ್ತಿದ್ದರು. ನನ್ನ ಕೈಗಳ ಸುದ್ದಿಯನ್ನು ಯಾರೂ ಎತ್ತಲಿಲ್ಲ. ಮಾವನೂ ಎತ್ತಲಿಲ್ಲ. ಹಗ್ಗ ಸಡಿಲವಾದರೆ ಮಾತ್ರ, "ನಿದ್ದೆಯಾ ಮಾರಾಯ?" ಎನ್ನುತ್ತಿದ್ದರು.

ಇಷ್ಟಕ್ಕೆಲ್ಲ ನನಗೆ ಹೊಟ್ಟೆಕಿಚ್ಚು ಆಗಲಿಲ್ಲ. ಹೊಟ್ಟೆಕಿಚ್ಚು ಬೇರೆ ಕಡೆ ಇತ್ತು, ಅದನ್ನೂ ಇದ್ದಂತೆಯೇ ಹೇಳುತ್ತೇನೆ.

ನಮ್ಮದು ಅಳಿಯಸಂತಾನ. ಮನೆ, ಗದ್ದೆ, ಹಿರಿತನ ಎಲ್ಲ ಮಾವನಿಂದ ಸೋದರಳಿಯನಿಗೆ ಬರುತ್ತದೆ. ಮಗ ತನ್ನ ತಾಯಿಯ ಮನೆಗೆ ಸೇರಿದವನು. ಅಪ್ಪನ ಮನೆಯ ಒಂದು ಒನಕೆಯೂ ಅವನಿಗೆ ಸಲ್ಲದು. ಹೀಗೆ ಮಾವನ ನಂತರ ಬೋಳಾರದ ಮನೆ ನನ್ನದು. ಮಾವನ ಹೆಂಡತಿ, ಎಂದರೆ ನನ್ನ ಅತ್ತೆ, ಹೊಳೆಯಾಚೆ ಉಳ್ಳಾಲದ ತನ್ನ ಮನೆಯಲ್ಲಿ ಇದ್ದರು. ಅವರ ಒಬ್ಬನೇ ಮಗ ಅಲ್ಲೇ ಶಾಲೆಯಲ್ಲಿ ಮೇಷ್ಟರು. ನನಗೆ ಭಾವನಾಗಬೇಕು, ನನಗಿಂತ ಎರಡು ವರ್ಷಕ್ಕೆ ಚಿಕ್ಕವನು. ಮಾವ ಶನಿವಾರ ಮಧ್ಯಾಹ್ನ ದೋಣಿ ಹತ್ತಿ ಅಲ್ಲಿಗೆ ಹೋಗುವರು, ಸೋಮವಾರ ಬೆಳಿಗ್ಗೆ ಬರುವರು.

ಕಾನೂನಿನ ಪ್ರಕಾರ ಎಲ್ಲವೂ ನನ್ನದೇ. ಹಾಗಾದರೆ ಹೊಟ್ಟೆಕಿಚ್ಚು ಭಾವನಿಗೆ ಆಗಬೇಕು, ನನಗೆ ಯಾಕೆ? ನೀವು ಶನಿವಾರದ ಮಾವನನ್ನು ನೋಡಿಲ್ಲ. ವಾರವಿಡೀ ಗುಂಡಿ ಹಾಕದ ಅಂಗಿಯಲ್ಲಿ ಮರದ ಹೊಟ್ಟಿನ ನಡುವೆ ಕುಳಿತಿರುವ ಮನುಷ್ಯ ಅಂದು ಹತ್ತು ಗಂಟೆಗೇ ಸ್ನಾನ ಮಾಡಿ, ಬಿಳಿ ಅಂಗಿ ತೊಟ್ಟು, ಹಂಪನಕಟ್ಟೆಯ ತನಕ ನಡೆದು, ಅತ್ತೆಗೆ ಮಲ್ಲಿಗೆ, ಭಾವನಿಗೆ ಆರು ಗೋಳಿಬಜೆ ಕಟ್ಟಿಸಿಕೊಂಡು ದೋಣಿ ಹತ್ತುವ ಕಡವಿಗೆ ಬರುತ್ತಿದ್ದರು. ಇಪ್ಪತ್ತೆಂಟು ವರ್ಷದ ಮೇಷ್ಟರಿಗೆ ಗೋಳಿಬಜೆ! ಶನಿವಾರ ಕಾರ್ಖಾನೆ ಅರ್ಧ ದಿನ, ಕಟ್ಟು ಹೊತ್ತು ಕಡವಿನ ತನಕ ಹೋಗುವವನು ನಾನು. ಎಣ್ಣೆ ಕಾಗದ ದಾಟಿ ನನ್ನ ಅಂಗೈಗೆ ಇಳಿಯುತ್ತಿತ್ತು. ನನಗೆ ಗೋಳಿಬಜೆ ಇಷ್ಟವೇ ಎಂದು ಮಾವ ಒಂದು ದಿನವೂ ಕೇಳಲಿಲ್ಲ. ಇಷ್ಟ. ಆಗಲೂ ಇಷ್ಟ, ಈಗಲೂ ಇಷ್ಟ.

ಈಗ ಮರದ ವಿಷಯಕ್ಕೆ ಬರುತ್ತೇನೆ. ಆ ವರ್ಷ ಗಣೇಶ ಚೌತಿ ಕಳೆದ ಮೇಲೆ ಮಾವ ಇದ್ದಕ್ಕಿದ್ದಂತೆ ಹಲಸು, ಹೆಬ್ಬಲಸುಗಳ ಕಡೆ ನೋಡುವುದನ್ನೇ ಬಿಟ್ಟರು. ಅವರಿಗೆ ಕಪ್ಪು ಮರ ಬೇಕಾಯಿತು. ಬರೇ ಕಪ್ಪಲ್ಲ, ಒಳಗಿನಿಂದ ಕಪ್ಪು, ನೇರಳೆ ಹಣ್ಣಿನ ಸಿಪ್ಪೆಯ ಹಾಗೆ, ಹೊಳಪಿರಬೇಕು, ಗಂಟಿರಬಾರದು. ಎಷ್ಟು ಬೇಕು? ಒಂದು ಗೇಣು. ಎಂತ ಮಾಡಲಿಕ್ಕೆ? ಹೇಳಲಿಲ್ಲ. "ಹೊಳೆಯಾಚೆಗೆ ಒಂದು ಕೊಡಲಿಕ್ಕುಂಟು" ಎಂದಷ್ಟೇ ಅಮ್ಮನಿಗೆ ಹೇಳಿದ್ದು ನನ್ನ ಕಿವಿಗೆ ಬಿತ್ತು. ಅಮ್ಮ ಎಂದರೆ ಮಾವನ ತಂಗಿ. ಹೊಳೆಯಾಚೆಗೆ ಎಂದರೆ ಭಾವನಿಗೆ. ನನ್ನ ಕಿವಿಗೆ ಅದು ಟಪ್ ಎಂದಿತು.

ಬಂದರಿನ ಹತ್ತಿರ ಒಬ್ಬ ಬ್ಯಾರಿ ಸಾಹುಕಾರರ ಮರದ ಡಿಪೋ ಇತ್ತು. ನಾವು ಅವರನ್ನು ಸಾಯ್ಬರು ಎನ್ನುತ್ತಿದ್ದೆವು. ಘಟ್ಟದ ಮೇಲಿನಿಂದ ಬಂದ ತೇಗ, ಮತ್ತಿ, ಹೊನ್ನೆ, ಬೀಟೆ ಎಲ್ಲ ಅಲ್ಲಿ ರಾಶಿ ಬಿದ್ದಿರುತ್ತಿದ್ದವು. ಮಾವ ಸಂಜೆ ನನ್ನನ್ನು ಕರೆದುಕೊಂಡು ಅಲ್ಲಿಗೆ ಹೋಗುವರು. ಮರ ಆರಿಸುವುದನ್ನು ನೀವು ನೋಡಿರಬಹುದು. ತೂಕ ನೋಡುತ್ತಾರೆ, ಎಳೆ ನೋಡುತ್ತಾರೆ. ಮಾವ ಮೊದಲು ತುಂಡನ್ನು ತನ್ನ ಕೆನ್ನೆಗೆ ಉಜ್ಜುವರು. ಆಮೇಲೆ ಮೂಸುವರು. ಆಮೇಲೆ ಎದೆಯೆತ್ತರದಿಂದ ಕಲ್ಲಿನ ಮೇಲೆ ಬೀಳಿಸುವರು. ಆಮೇಲೆ ಒದ್ದೆ ಮಾಡಿದ ಬಿಳಿ ಬಟ್ಟೆಯಲ್ಲಿ ಸುತ್ತಿ ಅದರ ಮೇಲೆ ಕುಳಿತುಕೊಳ್ಳುವರು, ಬಣ್ಣ ಬಿಡುತ್ತದೋ ನೋಡಲಿಕ್ಕೆ. ಇಷ್ಟರಲ್ಲೆಲ್ಲ ಗೆದ್ದ ಮರಕ್ಕೆ ಕೊನೆಗೆ ನಾಲಗೆ.

ಸಾಯ್ಬರು ಮೊದಮೊದಲು ಸುಮ್ಮನಿದ್ದರು. ಒಂದು ದಿನ ಅವರಿಗೆ ತಡೆಯಲಾಗಲಿಲ್ಲ.

"ಶೆಟ್ರೇ, ನಾನು ಮರ ಮಾರುವುದು ಮನೆ ಕಟ್ಟಲಿಕ್ಕೆ. ಊಟಕ್ಕೆ ಬೇಕಾದರೆ ಪಕ್ಕದಲ್ಲಿ ಹೋಟೆಲುಂಟು."

"ಇದು ಕಹಿ ಉಂಟು ಸಾಯ್ಬ್ರೇ."

"ಬೀಟೆ ಮತ್ತೆಂತ ಬೆಲ್ಲದ ಹಾಗೆ ಇರ್ತದಾ?"

"ಹಳತಾದರೆ ಕಹಿ ಹೋಗ್ತದೆ. ನಿಮ್ಮದು ಹೊಸತು."

"ಹಾಗಾದರೆ ನಲವತ್ತು ವರ್ಷ ಬಿಟ್ಟು ಬನ್ನಿ. ನಾನೂ ಇರುವುದಿಲ್ಲ, ನೀವೂ ಇರುವುದಿಲ್ಲ, ಮರ ಸಿಹಿಯಾಗಿರ್ತದೆ."

ನಾನು ನಕ್ಕೆ. ಮಾವ ನಗಲಿಲ್ಲ. ಅವರು ಆ ತುಂಡನ್ನು ಇದ್ದಲ್ಲೇ ಇಟ್ಟು, ಅದಕ್ಕೆ ಬೇಸರವಾಗಬಾರದೆಂಬಂತೆ ಎರಡು ಸಲ ತಟ್ಟಿ ಎದ್ದರು.

ಬಣ್ಣ ಬಿಡುವ ಪರೀಕ್ಷೆ ಮನೆಗೂ ಬಂತು. ಒಂದು ರಾತ್ರಿ ಮಾವ ಮೂರು ಬಗೆಯ ಚಕ್ಕೆಗಳನ್ನು ಅಡಿಗೆಮನೆಯ ಮೂರು ಕೊಡಪಾನಗಳ ನೀರಿನಲ್ಲಿ ಹಾಕಿಟ್ಟು ಯಾರಿಗೂ ಹೇಳದೆ ಮಲಗಿದರು. ಬೆಳಿಗ್ಗೆ ಅಮ್ಮ ಅದೇ ನೀರಿನಲ್ಲಿ ಗಂಜಿಗಿಟ್ಟರು. ನಮ್ಮ ಕುಚ್ಚಲಕ್ಕಿ ಗಂಜಿ ಮೊದಲೇ ಕೆಂಪು. ಯಾರಿಗೂ ಏನೂ ತೋರಲಿಲ್ಲ. ಅಮ್ಮ ಮಾತ್ರ ಒಂದು ತುತ್ತು ಬಾಯಿಗಿಟ್ಟು, "ಇವತ್ತು ಗಂಜಿಗೆ ಬಾಗಿಲಿನ ರುಚಿ ಉಂಟಲ್ಲ" ಎಂದರು. ಹೊತ್ತೇರಿದ ಮೇಲೆ ಪಕ್ಕದ ಮನೆಯ ಅಜ್ಜಿ ಬಂದು ಕೊಡಪಾನಕ್ಕೆ ಇಣುಕಿದರು. ಬಿಸಿಲಿಗೆ ನೀರು ಒಂದು ಕಡೆಯಿಂದ ಚಹಾದ ಬಣ್ಣ, ಇನ್ನೊಂದು ಕಡೆಯಿಂದ ನವಿಲಿನ ನೀಲಿ. "ಅಯ್ಯೋ, ಇದು ಹೊನ್ನೆಯ ನೀರು. ಸಿಹಿಮೂತ್ರಕ್ಕೆ ಇದರಷ್ಟು ಒಳ್ಳೆಯ ಮದ್ದಿಲ್ಲ" ಎಂದು ಅವರು ಹೇಳಿದ್ದೇ ತಡ, ಮರುದಿನ ನಮ್ಮ ಅಂಗಳದಲ್ಲಿ ಹನ್ನೊಂದು ಜನ ತಂಬಿಗೆ ಹಿಡಿದು ನಿಂತಿದ್ದರು. ನಾನು ಎಣಿಸಿದ್ದೇನೆ. ಮಾವ ಹೊರಬಂದು, "ಬಣ್ಣ ಬಿಡುವ ಮರ ನನಗೆ ಬೇಡ. ಬೇಕಾದವರು ಕುಡಿಯಿರಿ" ಎಂದು ಕೊಡಪಾನ ಸಮೇತ ಕೊಟ್ಟುಬಿಟ್ಟರು. ಹನ್ನೊಂದು ಜನರಿಗೂ ಗುಣವಾಯಿತೆಂದು ಕೇಳಿದ್ದೇನೆ. ನೋಡಿಲ್ಲ, ಆದ್ದರಿಂದ ಹೇಳುವುದಿಲ್ಲ. ಕೊಡಪಾನ ಹಿಂದೆ ಬರಲಿಲ್ಲ. ಅದನ್ನು ನೋಡಿದ್ದೇನೆ.

ಹೀಗೆ ಮೂರು ತಿಂಗಳು. ಕುರ್ಚಿ, ಮಂಚ, ಮುನ್ಸೀಫರ ಊರುಗೋಲು ಎಲ್ಲ ಇದರೊಳಗೇ. ಊರೆಲ್ಲ ನಗುತ್ತಿತ್ತು. ಒಂದು ಗೇಣು ಮರಕ್ಕೆ ಇಷ್ಟು ಹುಡುಕಾಟವೇ ಎಂದು ನೀವೂ ನಗಬಹುದು. ಊರು ನಗುವಾಗ ನಾನು ಮಾತ್ರ ಬೇರೆ ಕಾರಣಕ್ಕೆ ನಗುತ್ತಿದ್ದೆ. ಯಾಕೆಂದರೆ ಮಾವ ಹುಡುಕುತ್ತಿದ್ದ ಮರ ಎಲ್ಲಿದೆಯೆಂದು ನನಗೆ ಗೊತ್ತಿತ್ತು.

ಅದು ನಮ್ಮ ಅಟ್ಟದಲ್ಲಿತ್ತು. ನನ್ನ ಅಜ್ಜಿಯ ಅಣ್ಣ, ಎಂದರೆ ಮಾವನ ಮಾವ, ಹಳೆಯ ಬಾಗಿಲು ಕೀಳಿಸಿದಾಗ ಉಳಿದ ಬೀಟೆಯ ದಾರಂದದ ತುಂಡು. ಮೂರು ಮೊಳ ಉದ್ದ, ನನ್ನ ತೊಡೆಯಷ್ಟು ದಪ್ಪ. ನನಗೆ ತಿಳಿವಳಿಕೆ ಬಂದಾಗಿನಿಂದ ಅಟ್ಟದ ಮೂಲೆಯಲ್ಲಿ ಉಪ್ಪಿನಕಾಯಿ ಭರಣಿಗಳ ಪಕ್ಕದಲ್ಲಿ ಬಿದ್ದಿತ್ತು. ಹಳತು, ಕಪ್ಪು, ಗಂಟಿಲ್ಲ, ಕಹಿಯೂ ಹೋಗಿರಬೇಕು. ಮಾವನಿಗೆ ಅದು ಮರೆತಿರಬೇಕೆಂದು ನಾನು ಎಣಿಸಿದೆ. ನೆನಪು ಮಾಡಿದೆನೇ? ಇಲ್ಲ. ನಮ್ಮ ಮನೆಯ ಬೀಟೆ ಹೊಳೆಯಾಚೆ ಯಾಕೆ ಹೋಗಬೇಕು? ಗೋಳಿಬಜೆ ಹೋದದ್ದು ಸಾಲದೇ?

ಒಂದು ಸಂಜೆ ಕಾರ್ಖಾನೆ ಬಿಟ್ಟು ಬರುವಾಗ ಸಾಯ್ಬರು ದಾರಿಯಲ್ಲಿ ಸಿಕ್ಕಿದರು. ನಾನೊಬ್ಬನೇ ಇದ್ದೆ.

"ನಿಮ್ಮ ಮಾವನಿಗೆ ಎಂತ ಆಗಿದೆ ಮಾರಾಯ್ರೇ? ಮನೆಯ ಅಟ್ಟದಲ್ಲೇ ಹಳೆ ಬೀಟೆ ಉಂಟಂತಲ್ಲ?" ಎಂದರು.

"ಯಾರು ಹೇಳಿದ್ದು?"

"ಅವರೇ. ಅದನ್ನು ತೆಗೆಯಿರಿ ಅಂತ ಹೇಳಿದೆ. 'ಅದು ನನ್ನದಲ್ಲ, ಮನೆಯದ್ದು, ನನ್ನ ನಂತರ ಅಳಿಯನದ್ದು. ಅವನು ಒಪ್ಪದೆ ಮುಟ್ಟಲಿಕ್ಕಿಲ್ಲ' ಅಂದರು. ಹಾಗಾದರೆ ಅಳಿಯನನ್ನು ಕೇಳಿ ಅಂತ ಹೇಳಿದೆ. ಚಹಾ ಕುಡಿದು ಎದ್ದು ಹೋದರು."

ಸಾಯ್ಬರು ಎರಡು ಹೆಜ್ಜೆ ಹೋಗಿ ತಿರುಗಿ ನಿಂತರು.

"ಮಗನ ಹೆಂಡತಿಗೆ ತಿಂಗಳು ತುಂಬ್ತಾ ಬಂತಂತೆ. ಮಗುವಿಗೆ ಗಿಲಕಿ ಮಾಡ್ಲಿಕ್ಕಂತೆ. ನಿಮಗೆ ಗೊತ್ತುಂಟಲ್ಲ?"

ನನಗೆ ಗೊತ್ತಿರಲಿಲ್ಲ. ಮೂರು ತಿಂಗಳು ಡಿಪೋ ಸುತ್ತಿದ್ದ ನನಗೆ ಗೊತ್ತಿರಲಿಲ್ಲ, ಸಾಯ್ಬರಿಗೆ ಗೊತ್ತಿತ್ತು. ಅಲ್ಲೇ ಒಂದು ಮೈಲುಕಲ್ಲಿನ ಮೇಲೆ ಕುಳಿತೆ. ಕುಳಿತು ಒಂದೊಂದಾಗಿ ಯೋಚಿಸಿದೆ. ಕೆನ್ನೆಗೆ ಉಜ್ಜಿದ್ದು, ಮಗುವಿನ ಕೆನ್ನೆಗೆ ಚುಚ್ಚಬಾರದೆಂದು. ಬೀಳಿಸಿದ್ದು, ಮಗು ಬೀಳಿಸಿದರೆ ಸೀಳಬಾರದೆಂದು. ಬಣ್ಣ ಬಿಡಬಾರದೆಂದದ್ದು, ಮಗು ಜೊಲ್ಲು ಸುರಿಸುತ್ತದೆಂದು. ನೆಕ್ಕಿದ್ದು, ಮಗು ನೆಕ್ಕುತ್ತದೆಂದು. ಮಂಗಳೂರೆಲ್ಲ ಹುಚ್ಚು ಎಂದದ್ದರಲ್ಲಿ ಒಂದು ಕೂದಲೆಳೆಯಷ್ಟೂ ಹುಚ್ಚಿರಲಿಲ್ಲ.

ಇಷ್ಟು ತಿಳಿದ ಮೇಲೆ ನನ್ನ ಮನಸ್ಸು ಕರಗಿತೆಂದು ನೀವು ಎಣಿಸಿದರೆ ನಿಮಗೆ ಹೊಟ್ಟೆಕಿಚ್ಚಿನ ಪರಿಚಯವಿಲ್ಲ. ನನ್ನದು ಇಮ್ಮಡಿಯಾಯಿತು. ಇನ್ನೂ ಹುಟ್ಟದ ಮಗುವಿನ ನಾಲಗೆಯ ಬಗ್ಗೆ ಇಷ್ಟು ಯೋಚಿಸುವ ಮನುಷ್ಯ ಎದುರು ಕುಳಿತ ನನ್ನ ಭುಜದ ಬಗ್ಗೆ ಒಮ್ಮೆಯಾದರೂ ಯೋಚಿಸಿದ್ದಾರೆಯೇ? ಅದಿರಲಿ, ಆ ಮಗು ನಮಗೆ ಯಾರು? ಅದರ ಅಪ್ಪ ಉಳ್ಳಾಲದ ಮನೆಯವನು, ಮಗು ತನ್ನ ತಾಯಿಯ ಮನೆಯದ್ದು. ಲೆಕ್ಕ ಹಾಕಿದರೆ ನಮ್ಮ ಮನೆಯಿಂದ ಎರಡು ಮನೆ ಆಚೆಗೆ. ಬೇಕಾದರೆ ಮಾವ ನನ್ನನ್ನು ಬಾಯಿಬಿಟ್ಟು ಕೇಳಲಿ. ಕೇಳುವ ತನಕ ನಾನಾಗಿ ಹೇಳುವುದಿಲ್ಲ.

ಅವರು ಕೇಳಲಿಲ್ಲ. ಕೇಳದಿರಲು ಕಾರಣವೂ ಇತ್ತು, ಈಗ ತಿಳಿಯುತ್ತದೆ. ಅವರು ಮೂವತ್ತು ವರ್ಷ ಬರೆದದ್ದು ಮಾವ ಅಳಿಯಂದಿರ ವ್ಯಾಜ್ಯಗಳನ್ನೇ. ಒಂದು ಅರೆಯುವ ಕಲ್ಲಿಗಾಗಿ ಒಂದು ಮನೆ ಎರಡಾದದ್ದನ್ನು, ಒಂದು ಹಲಸಿನ ಮರಕ್ಕಾಗಿ ಮಾತು ಬಿಟ್ಟವರು ಮಾತಾಡದೆಯೇ ಸತ್ತದ್ದನ್ನು ತಮ್ಮ ಕೈಯಾರೆ ನಕಲು ಮಾಡಿದ್ದರು. ಎಲ್ಲ ವ್ಯಾಜ್ಯವೂ "ಒಂದು ಚಿಕ್ಕದು ಕೇಳುವ" ಎಂಬಲ್ಲಿಂದಲೇ ಸುರುವಾಗಿತ್ತೋ ಏನೋ. ಅಂತೂ ಎರಡು ವಾರ ನಾನು ಹಗ್ಗ ಎಳೆದೆ, ಅವರು ಲಟ್ಟಣಿಗೆ ಕಡೆದರು. ಇಬ್ಬರ ತಲೆಯ ಮೇಲೂ ಅಟ್ಟ, ಅಟ್ಟದಲ್ಲಿ ಬೀಟೆ.

ಮೂರನೆಯ ಶನಿವಾರ ಮಾವನನ್ನು ದೋಣಿ ಹತ್ತಿಸಿ ಬಂದು ನಾನು ಏಣಿ ಇಟ್ಟೆ. ಯಾಕೆ ಹತ್ತಿದೆ ಎಂಬುದನ್ನು ಮುಚ್ಚಿಡುವುದಿಲ್ಲ. ನನ್ನ ಜೇಬಿನಲ್ಲಿ ಕಾರ್ಖಾನೆಯ ಸೀಮೆಸುಣ್ಣ ಇತ್ತು. ಬೀಟೆಯ ಎರಡು ತುದಿಗೂ ಗುರುತು ಹಾಕಿಡುವುದು. ಮಾವ ಯಾವತ್ತಾದರೂ ಹೇಳದೆ ಒಂದು ಗೇಣು ಕೊಯ್ದರೆ ಗೊತ್ತಾಗಬೇಕು. ಮಾವನನ್ನು ಕಳ್ಳನೆಂದು ಎಣಿಸಿ ಹತ್ತಿದವನು ನಾನು.

ಮಧ್ಯಾಹ್ನದ ಹೊತ್ತು. ಗಾಜಿನ ಹಂಚಿನಿಂದ ಬಿಸಿಲು ಸರಿಯಾಗಿ ಆ ಮೂಲೆಗೆ ಬೀಳುತ್ತಿತ್ತು. ಬೀಟೆ ಇದ್ದಲ್ಲೇ ಇತ್ತು. ಅದರ ಮೇಲೆ ಬೆರಳು ದಪ್ಪದ ಧೂಳು. ಯಾರೂ ಸರಿಸಿದ ಗುರುತಿಲ್ಲ, ಕೈಯೂರಿದ ಗುರುತಿಲ್ಲ. ಆದರೆ ಒಂದು ತುದಿಯಲ್ಲಿ, ಹೆಬ್ಬೆರಳಿನಷ್ಟು ಜಾಗ ಮಾತ್ರ ಧೂಳಿಲ್ಲದೆ ಕಪ್ಪಗೆ ಹೊಳೆಯುತ್ತಿತ್ತು. ಹತ್ತಿರ ಹೋಗಿ ನೋಡಿದೆ. ಆ ಜಾಗದ ಸುತ್ತ ಧೂಳು ಒದ್ದೆಯಾಗಿ ಒಣಗಿ, ಮತ್ತೆ ಒದ್ದೆಯಾಗಿ ಒಣಗಿ, ನೀರಿಳಿದ ಮೇಲೆ ದಂಡೆಯ ಮರಳಿನಲ್ಲಿ ಉಳಿಯುವ ಹಾಗೆ ಒಂದರೊಳಗೊಂದು ಗೆರೆಗಳಿದ್ದವು. ಒಂದು ಸಲದ್ದಲ್ಲ. ಹಲವು ಸಲ, ಅದೇ ಜಾಗ.

ಆಮೇಲೆ ನೆಲ ನೋಡಿದೆ. ಧೂಳಿನಲ್ಲಿ ಎರಡು ಅಂಗೈ, ಎರಡು ಮೊಣಕಾಲು.

ಅರುವತ್ತೆರಡು ವರ್ಷದ ಮನುಷ್ಯ ಏಣಿ ಹತ್ತಿ, ಮೊಣಕಾಲೂರಿ, ಬೇರೆಯವರ ವಸ್ತುವನ್ನು ಕೈಯಿಂದ ಮುಟ್ಟಬಾರದೆಂದು ಕೈಗಳನ್ನು ನೆಲಕ್ಕೂರಿ, ನಾಲಗೆಯಿಂದ ಮಾತ್ರ ಮುಟ್ಟಿ ಇಳಿದು ಹೋಗಿದ್ದರು.

ನಾನು ಗುರುತು ಹಾಕಲಿಲ್ಲ. ಇಳಿಯುವ ಮೊದಲು ಇನ್ನೊಂದು ಮಾಡಿದೆ. ಆ ಜಾಗವನ್ನು ಬಿಟ್ಟು, ಅದರ ಪಕ್ಕದಲ್ಲಿ, ನಾನೂ ನೆಕ್ಕಿ ನೋಡಿದೆ. ಕಹಿ ಇರಲಿಲ್ಲ.

ಸೋಮವಾರ ಬೆಳಿಗ್ಗೆ ಮಾವ ಬಂದು ಜಗಲಿಯಲ್ಲಿ ಕಾಲು ತೊಳೆಯುತ್ತಿದ್ದರು. ನಾನು ಎರಡು ದಿನ ಮಾತು ಹುಡುಕಿ ಇಟ್ಟಿದ್ದೆ. ಬಾಯಿಗೆ ಬಂದದ್ದು ಬೇರೆಯೇ.

"ಮಾವ, ಅಟ್ಟದಲ್ಲಿ ಒಂದು ತುಂಡು ಬಿದ್ದಿದೆಯಲ್ಲ. ಅದರ ಹಿಂದೆ ಇಲಿ ಗೂಡು ಮಾಡಿದೆ. ಇಳಿಸುವ."

ಮಾವ ತಂಬಿಗೆ ಕೆಳಗಿಟ್ಟರು. "ಅದು ಮನೆಯದ್ದು" ಎಂದರು.

"ಇಲಿಯೂ ಮನೆಯದ್ದೇ. ಒಂದು ಗೇಣು ಕಡಿಮೆಯಾದರೆ ಇಲಿಗೆ ಜಾಗ ಕಡಿಮೆಯಾಗ್ತದೆ."

"ನೀನು ಒಪ್ಪಿ ಹೇಳುವುದಾ?"

"ಇಲಿಯ ಕಾರಣಕ್ಕೆ ಹೇಳುವುದು."

ಒಳಗಿನಿಂದ ಅಮ್ಮ, "ಇಬ್ಬರೂ ಕಟಕಟೆಯಲ್ಲಿ ನಿಂತವರ ಹಾಗೆ ಮಾತಾಡ್ಬೇಡಿ. ಗಂಜಿ ಆರ್ತದೆ" ಎಂದು ಕೂಗಿದರು.

ಮಾವ ಗಂಜಿಗೆ ಏಳಲಿಲ್ಲ. ಅಂಗಿಯ ಒಳಜೇಬಿಗೆ ಕೈಹಾಕಿ ನಾಲ್ಕು ಮಡಿಕೆಯ ಒಂದು ಕಾಗದ ತೆಗೆದರು. ಮಡಿಕೆಗಳು ಸವೆದು ಬಟ್ಟೆಯ ಹಾಗಾಗಿದ್ದವು. ಬಿಡಿಸಿದರೆ ಅವರ ದುಂಡಗಿನ ಅಕ್ಷರದಲ್ಲಿ ಒಂದು ಒಪ್ಪಿಗೆ ಪತ್ರ. ನನ್ನ ಹೆಸರಿನಲ್ಲಿ, ನಾನು ಬರೆದುಕೊಟ್ಟಂತೆ. ಆಸ್ತಿಯ ವಿವರ: ಅಟ್ಟದಲ್ಲಿರುವ ಬೀಟೆ ಮರದ ತುಂಡಿನಿಂದ ಒಂದು ಗೇಣು, ಹೆಚ್ಚಿಲ್ಲ. ಚಕ್ಕುಬಂದಿ: ಪೂರ್ವಕ್ಕೆ ಗೋಡೆ, ಪಶ್ಚಿಮಕ್ಕೆ ಮುರುಕಲು ತೊಟ್ಟಿಲು, ಉತ್ತರಕ್ಕೆ ಮಾವಿನಮಿಡಿ ಭರಣಿ, ದಕ್ಷಿಣಕ್ಕೆ ಖಾಲಿ ಜಾಗ. ಕೆಳಗೆ ತಾರೀಖಿಗೂ ಸಹಿಗೂ ಜಾಗ ಬಿಟ್ಟಿತ್ತು. ಚೌತಿ ಕಳೆದಂದಿನಿಂದ ಜೇಬಿನಲ್ಲಿತ್ತಂತೆ. ನಾನು ಪೂರ್ತಿ ಓದಲಿಲ್ಲ. ಕಣ್ಣಿಗೆ ಮರದ ಹೊಟ್ಟು ಬಿದ್ದಿತ್ತು. ಸಹಿ ಹಾಕಿದೆ. ಮಾವ ಅಲ್ಲೇ ಕುಳಿತು ಅದಕ್ಕೊಂದು ನಕಲು ತೆಗೆದರು. ಹಳೆಯ ಅಭ್ಯಾಸ.

ಗಿಲಕಿ ಕಡೆಯುವುದಕ್ಕೆ ನಾಲ್ಕು ಸಂಜೆ ಹಿಡಿಯಿತು. ಒಂದೇ ತುಂಡಿನಲ್ಲಿ ಹಿಡಿ, ಹಿಡಿಯ ಮೇಲೆ ಕೊರಳು, ಕೊರಳಿನಲ್ಲಿ ಎರಡು ಬಳೆ. ಬಳೆ ಬೇರೆ ಮಾಡಿ ತೊಡಿಸುವುದಲ್ಲ. ಅದೇ ಮರದಲ್ಲಿ ಬಾಗಿದ ಉಳಿಯಿಂದ ಎರಡು ಕಡೆಯಿಂದ ಕೊರೆದು ಕೊರೆದು ಬಿಡಿಸಬೇಕು. ಕೊನೆಯ ಎಳೆ ಕಡಿದಾಗ ಬಳೆ ತಟ್ಟನೆ ಸಡಿಲಾಗಿ ಕೊರಳಲ್ಲಿ ಕುಣಿಯುತ್ತದೆ, ಆದರೆ ಹೊರಗೆ ಬರಲಾರದು. ಹಗ್ಗ ಒಂದು ಕೂದಲೆಳೆ ಹೆಚ್ಚು ಎಳೆದರೂ ಬಳೆ ಮುರಿಯುತ್ತದೆ. ಅಂದು ಮೊದಲ ಸಲ ಮಾವ ಉಳಿಯನ್ನು ನೋಡದೆ ನನ್ನ ಕೈಗಳನ್ನು ನೋಡುತ್ತಿದ್ದರು. ನಾನು ಉಸಿರು ಬಿಟ್ಟಾಗ ಅವರು ಉಳಿ ಬಿಡುತ್ತಿದ್ದರು.

ಎರಡು ಬಳೆ ಕುಣಿದವು. ಕೊರಳಿನಲ್ಲಿ ಇನ್ನೂ ಒಂದು ಬೆರಳಿನಷ್ಟು ಮರ ಉಳಿದಿತ್ತು. ಮಾವ ಅದನ್ನು ನೋಡಿದರು. ಆಮೇಲೆ ಎದ್ದು ಬಂದು ನನ್ನ ಕೈಯಿಂದ ಹಗ್ಗ ತೆಗೆದುಕೊಂಡು ನನ್ನ ಜಾಗದಲ್ಲಿ ಕುಳಿತರು.

"ಮೂರನೆಯದ್ದು ನೀನು ಮಾಡು."

"ಹಾಳಾಗ್ತದೆ ಮಾವ."

"ಹಾಳಾಗ್ಲಿ. ನಾನು ಎಳೀತೇನೆ."

ಹಾಳಾಗಲಿಲ್ಲ. ಚಂದವೂ ಆಗಲಿಲ್ಲ. ನನ್ನ ಬಳೆ ಒಂದು ಕಡೆ ದಪ್ಪ, ಒಂದು ಕಡೆ ತೆಳು, ಕುಣಿಯುವಾಗ ಕುಂಟುತ್ತಿತ್ತು. ಮಾವ ಗರಗತ್ತಿಯ ಒರಟು ಎಲೆಯಿಂದ ಮೂರನ್ನೂ ಒಂದೇ ಸಮನಾಗಿ ಉಜ್ಜಿ, ಕೊಬ್ಬರಿ ಎಣ್ಣೆ ಸವರಿ, ನೆಕ್ಕಿ ನೋಡಿ, ಮುಂದಿನ ಶನಿವಾರ ಗೋಳಿಬಜೆಯ ಜೊತೆಗೆ ದೋಣಿ ಹತ್ತಿದರು. ನನ್ನ ಭುಜ ಹೇಗಿದೆಯೆಂದು ಕೇಳಲಿಲ್ಲ. ಮರುವಾರ ಎರಡು ದಿನ ಅವರು ಅಂಗಿ ತೋಳು ಏರಿಸಲಾರದೆ ಅಮ್ಮನಿಂದ ಎಣ್ಣೆ ಉಜ್ಜಿಸಿಕೊಂಡರು.

ನಾಲ್ಕು ವರ್ಷದ ಮೇಲೆ ಮಾವ ತೀರಿಕೊಂಡರು. ಕ್ರಿಯೆ ಮಾಡಿದ್ದು ನಾನು, ಅದು ಅಳಿಯನ ಹಕ್ಕು. ಭಾವ ಬಂದ ಜನರ ಜೊತೆ ಅಂಗಳದಲ್ಲಿ ನಿಂತಿದ್ದ. ಎಲ್ಲ ಮುಗಿದು ಒಂದು ತಿಂಗಳಾದ ಮೇಲೆ ಒಬ್ಬನೇ ಬಂದು, ಜಗಲಿಯಲ್ಲಿ ಕಡಸಲಿನ ಪಕ್ಕ ಕುಳಿತು, ಕೈಚೀಲದಿಂದ ಗಿಲಕಿ ತೆಗೆದು ನನ್ನ ಮುಂದಿಟ್ಟ. ಜೊತೆಗೆ ಆ ನಕಲು.

"ಇದು ನಿಮಗೆ ಸೇರಬೇಕಾದ್ದು ಭಾವ. ನಮ್ಮಲ್ಲಿದ್ದ ಅಪ್ಪನ ಪೆಟ್ಟಿಗೆಯಲ್ಲಿ ಕಾಗದ ಸಿಕ್ಕಿತು. ಮಗುವಿಗೆ ಹಲ್ಲು ಬಂದ ಮೇಲೆ ಮನೆಗೆ ಹಿಂದಿರುಗಿಸತಕ್ಕದ್ದು ಅಂತ ಬರೆದಿದ್ದಾರೆ. ಹಲ್ಲು ಬಂದು ವರ್ಷ ಮೂರಾಯಿತು."

ನಾನು ಓದದೆ ಸಹಿ ಹಾಕಿದ ಸಾಲು ಅದು. ನನ್ನ ಮನೆಯ ಒಂದು ಗೇಣು ನನಗೆ ನಷ್ಟವಾಗಬಾರದೆಂದು ಅವರೇ ಬರೆದಿಟ್ಟಿದ್ದರು. ಗಿಲಕಿ ಕೈಗೆತ್ತಿಕೊಂಡೆ. ಬಳೆಗಳ ಮೇಲೆ ಮಗುವಿನ ಹಲ್ಲಿನ ಗುರುತುಗಳಿದ್ದವು. ಎಣಿಸಿದೆ. ಮೊದಲನೆಯದರಲ್ಲಿ ಎರಡು, ಎರಡನೆಯದರಲ್ಲಿ ಮೂರು. ನನ್ನ ಕುಂಟು ಬಳೆಯಲ್ಲಿ ಹನ್ನೊಂದು. ದಪ್ಪ ಕಡೆ ಒಸಡಿಗೆ ಹಿತವಾಗಿರಬೇಕು. ಗೆದ್ದೆನೆಂದು ಅನ್ನಿಸಿತು. ಯಾರನ್ನು ಎಂದು ಹೇಳಲು ಬಾಯಿ ಬರಲಿಲ್ಲ.

ಕಾಗದವನ್ನು ಇನ್ನೊಮ್ಮೆ, ಈ ಸಲ ಅಕ್ಷರಬಿಡದೆ, ಓದಿದೆ.

"ಇದರಲ್ಲಿ ಬರೆದದ್ದು ಎರಡು ಬಳೆಯ ಗಿಲಕಿ. ನೀನು ತಂದದ್ದರಲ್ಲಿ ಮೂರುಂಟು. ಹಾಗಾಗಿ ಇದು ಆ ವಸ್ತುವೇ ಅಲ್ಲ. ತೆಗೆದುಕೊಂಡು ಹೋಗು" ಎಂದೆ.

ಭಾವ ಗಿಲಕಿಯನ್ನು ಮತ್ತೆ ಕೈಚೀಲಕ್ಕೆ ಹಾಕಿದ.

"ನೀವು ಅಪ್ಪನ ಹಾಗೆಯೇ ಮಾತಾಡ್ತೀರಿ" ಎಂದ. "ನನಗೆ ಅದು ಬರುವುದಿಲ್ಲ. ನನಗೆ ಸಿಕ್ಕಿದ್ದು ವಾರಕ್ಕೆ ಒಂದೂವರೆ ದಿನ. ನಿಮಗೆ ಐದೂವರೆ. ಚಿಕ್ಕಂದಿನಲ್ಲಿ ಸೋಮವಾರ ಬೆಳಿಗ್ಗೆ ದೋಣಿ ಹೋಗುವಾಗ ನಾನು ನಿಮಗೆ ಎಷ್ಟು ಶಾಪ ಹಾಕಿದ್ದೇನೆ ಗೊತ್ತುಂಟಾ?"

ನನ್ನ ಲೆಕ್ಕದಲ್ಲಿ ಇದೊಂದು ಯಾವತ್ತೂ ಬಂದಿರಲಿಲ್ಲ. ಐದೂವರೆ. ಎರಡು ಸಲ ಕೂಡಿಸಿ ನೋಡಿದೆ, ಸರಿಯಿತ್ತು.

ಅಂದೂ ಶನಿವಾರ. ಕಡವಿಗೆ ಹತ್ತಿರದ ದಾರಿ ಬೇರೆ ಇದೆ. ನಾನು ಅವನನ್ನು ಹಂಪನಕಟ್ಟೆಯ ಮೇಲೆ ಸುತ್ತಿಸಿ ಕರೆದುಕೊಂಡು ಹೋದೆ. ಆರು ಗೋಳಿಬಜೆ ಕಟ್ಟಿಸಿದೆ. ದೋಣಿಯ ತನಕ ಕಟ್ಟು ನಾನೇ ಹೊತ್ತೆ.